ಲಿಫ್ಟ್ ನಿಂತರೆ ಹೆದರಬೇಡಿ

ಪಟ್ಟಣದಲ್ಲಿ ಎತ್ತರದ ಕಟ್ಟಡಗಳಿವೆ. ದೊಡ್ಡ ಆಸ್ಪತ್ರೆಗಳಿವೆ. ಅಲ್ಲೆಲ್ಲ ಲಿಫ್ಟ್ ಇರುತ್ತದೆ. ಮನೆಗೆಲಸಕ್ಕೆ ಹೋಗುವವರು, ರೋಗಿಯನ್ನು ನೋಡಲು ಹೋಗುವವರು ಅದನ್ನು ಹತ್ತುತ್ತಾರೆ. ಕೆಲವರಿಗೆ ಹತ್ತುವಾಗ ಎದೆ ಡವಡವ ಅನ್ನುತ್ತದೆ.

ಅಕ್ಕ ಬೆಂಗಳೂರಿನಲ್ಲಿ ಮನೆಗೆಲಸ ಮಾಡುತ್ತಾಳೆ. ತಂಗಿ ಈಗ ಹೊಸದಾಗಿ ಕೆಲಸಕ್ಕೆ ಬಂದಿದ್ದಾಳೆ. ಅವರ ಮಾತು ಕೇಳಿ.

"ಅಕ್ಕಾ, ನಡುವೆ ಕರೆಂಟ್ ಹೋದ್ರೆ? ಹಗ್ಗ ಕಿತ್ತು ಬಿದ್ರೆ?"

"ಅದು ಬಾವಿ ಹಗ್ಗ ಅಲ್ಲ ಕಣೆ, ಉಕ್ಕಿನ ಹಗ್ಗ. ಒಂದಲ್ಲ, ಹಲವು ಇರ್ತವೆ. ಜೊತೆಗೆ ಬ್ರೇಕ್ ಇರುತ್ತೆ."

"ಉಸಿರು ಕಟ್ಟಲ್ವಾ?"

"ಇಲ್ಲ. ಗಾಳಿ ಆಡೋಕೆ ಸಂದು ಬಿಟ್ಟಿರ್ತಾರೆ."

ಅಕ್ಕ ಹೇಳಿದ್ದು ನಿಜ. ಲಿಫ್ಟ್ ವೇಗ ಮೀರಿ ಇಳಿದರೆ ಬ್ರೇಕ್ ಪಕ್ಕದ ಕಂಬಿಗಳನ್ನು ಕಚ್ಚಿ ಹಿಡಿಯುತ್ತದೆ. ಅಮೆರಿಕದ ಎಲಿಷಾ ಓಟಿಸ್ ಎಂಬುವರು 1854ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಂಥ ಬ್ರೇಕನ್ನು ಜನರಿಗೆ ತೋರಿಸಿದರು. ತಾವೇ ಮೇಲೆ ನಿಂತು ಹಗ್ಗ ಕಡಿಸಿದರು. ಅವರು ಕೆಳಗೆ ಬೀಳಲಿಲ್ಲ.

ಹತ್ತುವಾಗ ನೆನಪಿಡಿ

1. ಬಾಗಿಲು ತೆರೆದ ಕೂಡಲೇ ಕಾಲಿಡಬೇಡಿ. ಲಿಫ್ಟ್ ಬಂದು ನಿಂತಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿರುವುದು ಬಾವಿಯಂಥ ಗುಂಡಿ.
2. ಸೆರಗು, ಚೀಲ ಒಳಗೆ ಎಳೆದುಕೊಳ್ಳಿ. ಮಗುವಿನ ಕೈ ಹಿಡಿಯಿರಿ.
3. ಒಳಗಿನ ಫಲಕ ಓದಿ. '6 ಜನ, 408 ಕೆ.ಜಿ.' ಎಂದಿದ್ದರೆ ಏಳನೆಯವರು ಕಾಯಬೇಕು.
4. ಬೆಂಕಿ ಬಿದ್ದಾಗ ಲಿಫ್ಟ್ ಬೇಡ. ಮೆಟ್ಟಿಲು ಇಳಿಯಿರಿ.

ನಡುವೆ ನಿಂತರೆ ಹೀಗೆ ಮಾಡಿ

1. ಗಂಟೆಯ ಚಿತ್ರವಿರುವ ಗುಂಡಿ ಒತ್ತಿ.
2. ಮೊಬೈಲ್ ಇದ್ದರೆ ಕಾವಲುಗಾರರಿಗೆ ಅಥವಾ ಮನೆಯವರಿಗೆ ಹೇಳಿ. ಯಾರೂ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ. ಯಾವ ಕಟ್ಟಡ, ಯಾವ ಮಹಡಿ, ಒಳಗೆ ಎಷ್ಟು ಜನ ಎಂದು ತಿಳಿಸಿ.
3. ಬಾಗಿಲು ತಟ್ಟಿ ಕೂಗಿ. ನಿಲ್ಲಿಸಿ, ಹೊರಗಿನ ದನಿಗೆ ಕಿವಿಗೊಡಿ. ಆಮೇಲೆ ಕುಳಿತು ಕಾಯಿರಿ.
4. ಬಾಗಿಲು ಮೀಟಬೇಡಿ. ಅರ್ಧ ತೆರೆದರೂ ನುಸುಳಬೇಡಿ, ಜಿಗಿಯಬೇಡಿ.

"ಸಂದಿ ಕಂಡ್ರೆ ಯಾಕೆ ಹೊರಗೆ ಬರಬಾರ್ದು, ಅಕ್ಕಾ?"

"ನೀನು ಅರ್ಧ ಹೊರಗೆ ಬಂದಾಗ ಲಿಫ್ಟ್ ಹೊರಟರೆ? ಕಾಲು ಜಾರಿ ಕೆಳಗಿನ ಗುಂಡಿಗೆ ಬಿದ್ರೆ? ಒಳಗೆ ಕೂತರೆ ಹೊತ್ತು ಹೋಗುತ್ತೆ, ಅಷ್ಟೆ. ಅವಸರಪಟ್ಟರೆ ಜೀವ ಹೋಗುತ್ತೆ. ಕೆಲಸ ಬಲ್ಲವರು ಬಂದು ಇಳಿಸೋತನಕ ಕದಲಬೇಡ."

ಕೇಳುವುದು ನಮ್ಮ ಹಕ್ಕು

ಕರ್ನಾಟಕದಲ್ಲಿ ಲಿಫ್ಟಿಗೆ 1974ರ ಕಾಯಿದೆ ಇದೆ. ಲೈಸೆನ್ಸ್ ಇಲ್ಲದೆ ಲಿಫ್ಟ್ ನಡೆಸುವಂತಿಲ್ಲ. ಗಂಟೆ ಕೆಟ್ಟಿದ್ದರೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕಾವಲುಗಾರರಿಗೆ ಹೇಳಿ. ಕೆಲಸದ ಮನೆಯವರಿಗೂ ಹೇಳಿ. 'ನಾನು ಕೆಲಸದವಳು, ನನಗ್ಯಾಕೆ' ಅನ್ನಬೇಡಿ. ಅದರಲ್ಲಿ ಹೋಗುವುದು ನಿಮ್ಮ ಜೀವವೂ ಹೌದು.

ಉತ್ತರ ಹೇಳಿ

1. ಬಾಗಿಲು ತೆರೆದಾಗ ಮೊದಲು ಏನು ನೋಡಬೇಕು?
2. ಅರ್ಧ ತೆರೆದ ಬಾಗಿಲಿನಿಂದ ಏಕೆ ನುಸುಳಬಾರದು?

ಲೆಕ್ಕ ಮಾಡಿ

ಫಲಕದಲ್ಲಿ ಒಬ್ಬರಿಗೆ 68 ಕೆ.ಜಿ. ಎಂದು ಹಿಡಿದಿದ್ದಾರೆ. 8 ಜನರಿಗೆ ಎಷ್ಟು?

ಬರೆಯಿರಿ

ನಿಮ್ಮ ಮನೆಯವರೊಬ್ಬರ ಫೋನ್ ನಂಬರನ್ನು ಚೀಟಿಯಲ್ಲಿ ಬರೆಯಿರಿ. ಅದರ ಕೆಳಗೆ 112 ಎಂದು ಬರೆಯಿರಿ. ಚೀಟಿಯನ್ನು ಚೀಲದಲ್ಲಿ ಇಟ್ಟುಕೊಳ್ಳಿ.