17ನೇ ಫೈಲಿಗೇ ನಿಂತ ಲೂಪು

ಫೈಲುಗಳನ್ನು ಒಂದೊಂದಾಗಿ ಓದುವ ನಿಮ್ಮ ಲೂಪು 17ನೇ ಫೈಲಿಗೇ ನಿಂತದ್ದು ‘ಆರ್’ ಭಾಷೆಯ ತಪ್ಪಲ್ಲ. ಎರರ್ ಕಂಡೊಡನೆ ನಿಲ್ಲುವುದೇ ಅದರ ಸ್ವಭಾವ. ಫೈಲು ಓದುವ ಸಾಲನ್ನು ಟ್ರೈಕ್ಯಾಚ್ ಎಂಬ ಫಂಕ್ಷನ್ ಒಳಗಿಡಿ. ಎರರ್ ಬಂದರೆ ಅದನ್ನು ಹಿಡಿಯುವ ಹ್ಯಾಂಡ್ಲರ್ ಫೈಲಿನ ಹೆಸರು, ಎರರ್ ಮೆಸೇಜ್ ಎರಡನ್ನೂ ಮುದ್ರಿಸಿ ಎನ್‌ಎ (ಇಲ್ಲದ ಮೌಲ್ಯದ ಗುರುತು) ಹಿಂದಿರುಗಿಸಲಿ. ಉಳಿದ ಫೈಲುಗಳು ತಮ್ಮ ಪಾಡಿಗೆ ಸಾಗುತ್ತವೆ. ನೆನಪಿಡಿ, ಹ್ಯಾಂಡ್ಲರ್ ಕೂಡ ಫಂಕ್ಷನ್ನೇ. ಅದರೊಳಗೆ ಮಾಮೂಲು ಬಾಣದ ಗುರುತಿನಿಂದ ತುಂಬಿದ ವೇರಿಯೇಬಲ್ ಹೊರಗೆ ಕಾಣದು. ನಾನೇ ಒಂದಿಡೀ ಸಂಜೆ ಇದಕ್ಕೆ ತಲೆ ಕೆಡಿಸಿಕೊಂಡಿದ್ದೆ.

ವಾರ್ನಿಂಗ್ ವಿಷಯ ಬೇರೆ. ‘12 ಮಿ.ಮೀ.’ ಎಂಬುದನ್ನು ಸಂಖ್ಯೆಯಾಗಿಸಹೊರಟರೆ ಎನ್‌ಎ ಬರುತ್ತದೆ, ಜೊತೆಗೊಂದು ವಾರ್ನಿಂಗ್, ಅಷ್ಟೇ. ಅದನ್ನು ಟ್ರೈಕ್ಯಾಚ್‌ನಲ್ಲಿ ಹಿಡಿದರೆ ಆ ಫೈಲಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ವಿತ್‌ಕಾಲಿಂಗ್‌ಹ್ಯಾಂಡ್ಲರ್ಸ್ ಬಳಸಿ, ವಾರ್ನಿಂಗ್ ಬರೆದುಕೊಂಡೂ ಕೆಲಸ ಮುಂದುವರಿಯುತ್ತದೆ. ಖಾಲಿ ಹ್ಯಾಂಡ್ಲರ್ ಬರೆದು ಎರರನ್ನೇ ನುಂಗಿಬಿಡುವುದು ಮಾತ್ರ ದಯವಿಟ್ಟು ಬೇಡ.