ಬೇಟೆಗೆ ಮುನ್ನ ಬೆಳವಗಳ ಲೆಕ್ಕ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದಲ್ಲಿ ಆಗಸ್ಟ್ ತಿಂಗಳು ಬಂದಿತೆಂದರೆ ಊರೂರುಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ‘ಈ ಸಲ ಬೆಳವಗಳು ಹೇಗಿವೆ?’ ಸೆಪ್ಟೆಂಬರ್ 1ರಂದು ಆ ರಾಜ್ಯದ ಉತ್ತರ ಮತ್ತು ಮಧ್ಯ ವಲಯಗಳಲ್ಲಿ ಬೆಳವದ ಬೇಟೆಯ ಋತು ಆರಂಭವಾಗುವುದು. ದಕ್ಷಿಣ ವಲಯದಲ್ಲಿ ತಿಂಗಳ ನಡುಭಾಗದಲ್ಲಿ. ಸುಮಾರು 3 ಲಕ್ಷ ಮಂದಿ ಬೇಟೆಗಾರರು ಆ ದಿನಕ್ಕಾಗಿ ಕಾದಿರುತ್ತಾರೆ. ಜೋಳದ ಕೊಯ್ದ ಹೊಲಗಳ ಮೇಲೆ, ಕೆರೆಕುಂಟೆಗಳ ದಡದಲ್ಲಿ ಹಕ್ಕಿಗಳು ಎಷ್ಟು ಹಾರಾಡುತ್ತಿವೆ ಎಂಬುದನ್ನು ನೋಡಿ ಅವರು ‘ಈ ವರ್ಷ ಸಮೃದ್ಧಿ’ ಎಂದೋ ‘ಈ ವರ್ಷ ಬರ’ ಎಂದೋ ತೀರ್ಮಾನಿಸುತ್ತಾರೆ.

ಆದರೆ ಈ ಪ್ರಶ್ನೆಯೊಳಗೆ ವಾಸ್ತವವಾಗಿ ಎರಡು ಪ್ರಶ್ನೆಗಳು ಅಡಗಿವೆ. ಈ ಹೊಲದಲ್ಲಿ ಇಂದು ಎಷ್ಟು ಹಕ್ಕಿಗಳಿವೆ ಎಂಬುದು ಒಂದು. ಇಡೀ ದೇಶದಲ್ಲಿ ಈ ಜಾತಿಯ ಹಕ್ಕಿಗಳು ಎಷ್ಟಿವೆ, ಎಷ್ಟನ್ನು ಕೊಂದರೆ ಮುಂದಿನ ವರ್ಷವೂ ಅಷ್ಟೇ ಉಳಿದಾವು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಣ್ಣು ಉತ್ತರ ಹೇಳಬಲ್ಲುದು. ಎರಡನೆಯದಕ್ಕೆ ಕಣ್ಣು ಸಾಲದು; ಗಣಿತ ಬೇಕು. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದರೆ ಎಂತಹ ಅನಾಹುತವಾದೀತೆಂಬುದನ್ನು ಅಮೆರಿಕದ ಇತಿಹಾಸವೇ ತೋರಿಸಿಕೊಟ್ಟಿದೆ. ಅದೇನೆಂದು ಇಲ್ಲಿ ವಿಚಾರಿಸೋಣ.

ಹಕ್ಕಿಯ ಪರಿಚಯ

ನಮ್ಮ ಹೊಲಗಳಲ್ಲಿಯೂ ಊರಂಚಿನ ಮರಗಳಲ್ಲಿಯೂ ಕಾಣುವ ಬೆಳವಗಳ ಬಂಧುವೇ ಈ ಅಮೆರಿಕದ ಹಕ್ಕಿ. ಇದರ ಕೂಗು ಶೋಕಿಸುವವರ ದನಿಯಂತಿರುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ‘ಮೌರ್ನಿಂಗ್ ಡವ್’ ಎಂಬ ಹೆಸರು ಬಂದಿದೆ. ನಾವು ‘ಶೋಕಬೆಳವ’ ಎಂದು ಕರೆಯಬಹುದು. ಶಾಸ್ತ್ರೀಯ ನಾಮ ಜೆನೈಡಾ ಮ್ಯಾಕ್ರೂರಾ. ಕಂದುಬೂದು ಬಣ್ಣ, ನೀಳವಾದ ಮೊನಚು ಬಾಲ, ಸುಮಾರು 120 ಗ್ರಾಂ ತೂಕ. ಆಹಾರವೆಲ್ಲ ಬಹುಮಟ್ಟಿಗೆ ಬೀಜಗಳೇ. ದಿನವೊಂದಕ್ಕೆ ತನ್ನ ತೂಕದ ಶೇಕಡ 12ರಿಂದ 20ರಷ್ಟು ಬೀಜಗಳನ್ನು ಅದು ತಿನ್ನುವುದು. ಒಂದೇ ಹಕ್ಕಿಯ ಕೊರಳಚೀಲದಲ್ಲಿ 17,200 ಹುಲ್ಲುಬೀಜಗಳು ದೊರೆತ ದಾಖಲೆಯುಂಟು.

ಗೂಡು ಕಟ್ಟುವುದರಲ್ಲಿ ಈ ಹಕ್ಕಿಗೆ ಅಷ್ಟೇನೂ ನೈಪುಣ್ಯವಿಲ್ಲ. ಕೆಲವು ಕಡ್ಡಿಗಳನ್ನು ಅಡ್ಡಾದಿಡ್ಡಿ ಇಟ್ಟರೆ ಮುಗಿಯಿತು. ಅದರಲ್ಲಿ ಎರಡು ಬಿಳಿಯ ಮೊಟ್ಟೆಗಳು. ಕಾವು ಕೊಡಲು ಸುಮಾರು 14 ದಿನ. ಮರಿಗಳು ಗೂಡು ಬಿಡಲು ಇನ್ನು ಸುಮಾರು 14 ದಿನ. ಮೊದಲ ದಿನಗಳಲ್ಲಿ ತಂದೆತಾಯಿಗಳೆರಡೂ ತಮ್ಮ ಕೊರಳಚೀಲದಲ್ಲಿ ಸ್ರವಿಸುವ ‘ಪಾರಿವಾಳದ ಹಾಲ’ನ್ನು ಮರಿಗಳಿಗೆ ಉಣಿಸುತ್ತವೆ. ಹೀಗೆ ಒಂದು ಸಂತಾನದ ಕೆಲಸ ಸುಮಾರು ಒಂದು ತಿಂಗಳಿನಲ್ಲಿ ಪೂರೈಸುವುದು; ಬೆಚ್ಚನೆಯ ದಕ್ಷಿಣದ ರಾಜ್ಯಗಳಲ್ಲಿ ಒಂದು ಜೋಡಿ ವರ್ಷಕ್ಕೆ ಐದಾರು ಸಲವೂ ಗೂಡು ಕಟ್ಟಬಲ್ಲುದು.

ಆಯವ್ಯಯ

ಇಷ್ಟು ಸಲ ಮೊಟ್ಟೆಯಿಟ್ಟರೂ ಹಕ್ಕಿಗಳು ಭೂಮಿಯನ್ನು ತುಂಬಿಬಿಡುವುದಿಲ್ಲವೇಕೆ? ಸಾವೂ ಅಷ್ಟೇ ವೇಗದಿಂದ ನಡೆಯುವುದರಿಂದ. ಬೆಳೆದ ಬೆಳವಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ವರ್ಷದೊಳಗೆ ಸಾಯುತ್ತವೆ. ಮರಿಗಳಲ್ಲಿ ಸಾವು ಇನ್ನೂ ಹೆಚ್ಚು. ಜಾರ್ಜಿಯ ರಾಜ್ಯದಲ್ಲಿ 1968ರಲ್ಲಿ ಉಂಗುರ ತೊಡಿಸಿದ ಒಂದು ಹಕ್ಕಿ 1998ರಲ್ಲಿ ಫ್ಲಾರಿಡದಲ್ಲಿ ಗುಂಡಿಗೆ ಸಿಕ್ಕಿತು. ಅದಕ್ಕೆ ಕನಿಷ್ಠ 30 ವರ್ಷ ತುಂಬಿದ್ದಿತು. ಆದರೆ ಅದು ಅಪವಾದವೇ ಹೊರತು ನಿಯಮವಲ್ಲ.

ಒಂದು ಸುಲಭವಾದ ಲೆಕ್ಕ ಮಾಡಿ ನೋಡೋಣ. ವಸಂತದಲ್ಲಿ 50 ಜೋಡಿ, ಅಂದರೆ 100 ಹಕ್ಕಿಗಳಿವೆ ಎಂದು ಇಟ್ಟುಕೊಳ್ಳಿರಿ. ಮುಂದಿನ ವಸಂತಕ್ಕೆ ಅವುಗಳಲ್ಲಿ 45 ಉಳಿಯುತ್ತವೆನ್ನೋಣ. ಸಂಖ್ಯೆ ಕುಗ್ಗದಿರಬೇಕಾದರೆ 55 ಎಳೆಯ ಹಕ್ಕಿಗಳು ಸೇರಬೇಕು. ಗೂಡು ಬಿಟ್ಟ ಮರಿಗಳಲ್ಲಿ ನೂರಕ್ಕೆ 30 ಮಾತ್ರ ವರ್ಷ ಪೂರೈಸುವುದಾದರೆ ಸುಮಾರು 183 ಮರಿಗಳು ಗೂಡಿನಿಂದ ಹಾರಬೇಕು. ಐವತ್ತು ಜೋಡಿಗಳ ಒಂದೊಂದು ಗೂಡೂ ಸಫಲವಾದರೂ ದೊರೆಯುವುದು 100 ಮರಿಗಳಷ್ಟೆ. ಆದುದರಿಂದ ಪ್ರತಿಯೊಂದು ಜೋಡಿಯೂ ಹೆಚ್ಚು ಕಡಿಮೆ ಎರಡು ಸಲ ಸಫಲವಾಗಬೇಕು. ಗಾಳಿಗೂ ಹಾವಿಗೂ ಕಾಗೆಗೂ ತುತ್ತಾಗಿ ಅರ್ಧದಷ್ಟು ಗೂಡುಗಳು ಕೆಡುವುವೆಂದರೆ ನಾಲ್ಕು ಸಲ ಪ್ರಯತ್ನಿಸಬೇಕು. ಬೆಳವವು ಮತ್ತೆ ಮತ್ತೆ ಗೂಡು ಕಟ್ಟುವುದರ ಅರ್ಥ ಈಗ ತಿಳಿಯಿತಲ್ಲವೆ? ಹೀಗೆ ವೇಗವಾಗಿ ಬರುವ, ವೇಗವಾಗಿ ವೆಚ್ಚವಾಗುವ ಬಂಡವಾಳದಲ್ಲಿ ಬೇಟೆಯೂ ಒಂದು ವೆಚ್ಚ. ಬೇಟೆಗೆ ಸಿಕ್ಕ ಹಕ್ಕಿಗಳಲ್ಲಿ ಕೆಲವು ಹೇಗೂ ಚಳಿಯಿಂದಲೋ ಹಸಿವಿನಿಂದಲೋ ಸಾಯುತ್ತಿದ್ದವು, ನಿಜ. ಆದರೆ ಎಲ್ಲವೂ ಅಲ್ಲ. ವೆಚ್ಚವು ಒಂದು ಮಿತಿಯನ್ನು ದಾಟಿದರೆ ಬಂಡವಾಳ ಕರಗತೊಡಗುವುದು.

ಹೊಲದ ಸಾಕ್ಷ್ಯ

ಈಗ ಟೆಕ್ಸಾಸಿನ ಹೊಲಕ್ಕೆ ಹಿಂದಿರುಗೋಣ. ವಸಂತದಲ್ಲಿ ಚೆನ್ನಾಗಿ ಮಳೆಯಾದ ವರ್ಷ ಕಾಡು ಸೂರ್ಯಕಾಂತಿಯೂ ‘ಡವ್‌ವೀಡ್’ ಎಂಬ ಕಳೆಗಿಡವೂ ಎಲ್ಲೆಡೆಯೂ ಬೆಳೆದು ಬೀಜ ಉದುರಿಸುತ್ತವೆ. ಕುಂಟೆಗಳೆಲ್ಲ ತುಂಬಿರುತ್ತವೆ. ತಿನಿಸಿಗೆ ಕೊರತೆಯಿಲ್ಲದುದರಿಂದ ಮರಿಗಳೂ ಹೆಚ್ಚಬಹುದು. ಆದರೆ ಬೇಟೆಗಾರನಿಗೆ ಹಕ್ಕಿಗಳು ಕಾಣವು! ಎಲ್ಲೆಡೆಯೂ ಕಾಳು, ಎಲ್ಲೆಡೆಯೂ ನೀರು ಇರುವಾಗ ಅವು ಒಂದೇ ಹೊಲಕ್ಕೆ ಏಕೆ ಬರಬೇಕು? ಮಳೆಯಿಲ್ಲದ ವರ್ಷದಲ್ಲಿ ಇದಕ್ಕೆ ತಿರುಗುಮುರುಗು. ನೀರಿರುವ ನಾಲ್ಕೈದು ಕುಂಟೆಗಳ ಬಳಿ, ಕಾಳಿರುವ ಒಂದೆರಡು ಹೊಲಗಳ ಮೇಲೆ ಸುತ್ತಲಿನ ಹಕ್ಕಿಗಳೆಲ್ಲವೂ ಕೂಡುತ್ತವೆ. ಮರಿಗಳು ಕಡಿಮೆಯಾಗಿದ್ದರೂ ಬೇಟೆಗಾರನು ‘ಸಮೃದ್ಧಿ’ ಎನ್ನುತ್ತಾನೆ.

ಇಷ್ಟೇ ಅಲ್ಲ. ಸೆಪ್ಟೆಂಬರ್ ತಿಂಗಳಿನಲ್ಲಿ ಉತ್ತರದಿಂದ ತಣ್ಣನೆಯ ಗಾಳಿ ಬೀಸಿದರೆ ಒಂದೇ ರಾತ್ರಿಯಲ್ಲಿ ಹಕ್ಕಿಗಳು ದಕ್ಷಿಣಕ್ಕೆ ಸರಿಯುತ್ತವೆ. ಒಂದು ಊರಿನ ನಷ್ಟ ಇನ್ನೊಂದು ಊರಿನ ಲಾಭ. ಹಕ್ಕಿಗಳು ನೆಲೆಯನ್ನೇ ಬದಲಿಸುವುದೂ ಉಂಟು. ಬಿಳಿರೆಕ್ಕೆಯ ಬೆಳವವೆಂಬ ಇನ್ನೊಂದು ಜಾತಿ ಹಿಂದೆ ಟೆಕ್ಸಾಸಿನ ದಕ್ಷಿಣದ ತುದಿಯಲ್ಲಿ, ರಿಯೋ ಗ್ರಾಂಡೆ ನದಿಯ ಕಣಿವೆಯಲ್ಲಿಯೇ ಹೆಚ್ಚಾಗಿ ಇದ್ದಿತು. ಇಂದು ಅದು ಸಾನ್ ಆಂಟೋನಿಯೋ ಮುಂತಾದ ನಗರಗಳ ಮನೆಯಂಗಳದ ಮರಗಳಲ್ಲಿ ಗೂಡು ಕಟ್ಟಿ, ಮುಂಜಾನೆ ಹೊಲಗಳಿಗೆ ಹಾರಿಹೋಗುತ್ತದೆ. ಒಂದು ಹೊಲವನ್ನು ನೋಡಿ ಜಾತಿಯ ಯೋಗಕ್ಷೇಮವನ್ನು ಹೇಳಲಾಗದೆಂಬುದಕ್ಕೆ ಇವು ಸಾಲವೆ?

ಕೂಗಿನ ಗಣನೆ

ಹಾಗಾದರೆ ಎಣಿಸುವುದು ಹೇಗೆ? ಮೊದಲು ಕಂಡುಕೊಂಡ ಉಪಾಯ ಕಿವಿಯಿಂದ ಎಣಿಸುವುದು. ಈ ಗಣನೆಯು 1966ರಿಂದ ದೇಶದಾದ್ಯಂತ ಒಂದೇ ಕ್ರಮದಲ್ಲಿ ನಡೆಯಿತು. ಮೇ ತಿಂಗಳ ಕೊನೆ ಮತ್ತು ಜೂನ್ ತಿಂಗಳ ಮೊದಲಲ್ಲಿ, ಗಾಳಿಯಿಲ್ಲದ ಮುಂಜಾವಿನಲ್ಲಿ, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಒಬ್ಬ ಗಣಕನು ನಿಗದಿಯಾದ ಹಳ್ಳಿಯ ದಾರಿಯಲ್ಲಿ ಹೊರಡುವನು. ಮೈಲಿಗೊಂದರಂತೆ 20 ನಿಲುಗಡೆಗಳು. ಒಂದೊಂದರಲ್ಲಿಯೂ ಸರಿಯಾಗಿ 3 ನಿಮಿಷ ಕಿವಿಗೊಟ್ಟು ನಿಂತು, ಕೂಗುತ್ತಿರುವ ಹಕ್ಕಿಗಳೆಷ್ಟೆಂದು ಬರೆದುಕೊಳ್ಳುವನು. ಇಂತಹ ದಾರಿಗಳು 1000ಕ್ಕೂ ಹೆಚ್ಚು ಇದ್ದವು.

ಈ ಕ್ರಮದ ಗುಣವೆಂದರೆ ಸಮಾನತೆ. ಅದೇ ದಾರಿ, ಅದೇ ಕಾಲ, ಅಷ್ಟೇ ನಿಮಿಷ. ದೋಷವೆಂದರೆ, ಕೂಗಿದ ಹಕ್ಕಿಗಳೆಲ್ಲ ಇರುವ ಹಕ್ಕಿಗಳಲ್ಲ. ಕೂಗುವವು ಮುಖ್ಯವಾಗಿ ಗಂಡುಗಳು. ಅವುಗಳಲ್ಲಿಯೂ ಜೋಡಿ ದೊರೆಯದ ಗಂಡು ಜೋಡಿಯಾದುದಕ್ಕಿಂತ ಬಹಳ ಹೆಚ್ಚು ಕೂಗುವುದು. ಆದುದರಿಂದ ಈ ಗಣನೆಯು ‘ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ’ ಎಂದು ಸೂಚಿಸಬಲ್ಲುದಾಗಿದ್ದಿತು. ‘ಒಟ್ಟು ಎಷ್ಟು’ ಎಂದು ಹೇಳಲಾರದು. 2013ರ ಅನಂತರ ಇದನ್ನು ನಿಲ್ಲಿಸಲಾಯಿತು.

ಉಂಗುರದ ಗಣಿತ

ಅದರ ಸ್ಥಾನಕ್ಕೆ ಬಂದುದು ಉಂಗುರದ ಕ್ರಮ. ಫ್ರೆಡರಿಕ್ ಲಿಂಕನ್ ಎಂಬ ಪಕ್ಷಿವಿಜ್ಞಾನಿಯು 1930ರಲ್ಲಿ ಬಾತುಗಳ ಸಂಖ್ಯೆಯನ್ನು ಅಂದಾಜು ಮಾಡಲು ಇದನ್ನು ಬಳಸಿದನು. ತತ್ತ್ವ ಬಹಳ ಸರಳ. ಬೇಟೆಗೆ ಮುನ್ನ, ಜುಲೈ ಆಗಸ್ಟ್ ತಿಂಗಳುಗಳಲ್ಲಿ, ಹಕ್ಕಿಗಳನ್ನು ಬೋನಿನಲ್ಲಿ ಹಿಡಿದು ಕಾಲಿಗೆ ಅಂಕಿಯುಳ್ಳ ಲೋಹದ ಉಂಗುರ ತೊಡಿಸಿ ಬಿಟ್ಟುಬಿಡಬೇಕು. 1000 ಹಕ್ಕಿಗಳಿಗೆ ತೊಡಿಸಿದೆವೆನ್ನಿ. ಋತು ಮುಗಿಯುವಷ್ಟರಲ್ಲಿ ಅವುಗಳಲ್ಲಿ 50 ಬೇಟೆಗೆ ಸಿಕ್ಕಿದರೆ, ಬೇಟೆಯು ನೂರಕ್ಕೆ 5 ಹಕ್ಕಿಗಳನ್ನು ಕೊಂಡೊಯ್ದಿತೆಂದು ಅರ್ಥ. ಅದೇ ಪ್ರದೇಶದಲ್ಲಿ ಒಟ್ಟು 5 ಲಕ್ಷ ಹಕ್ಕಿಗಳು ಬೇಟೆಯಾಗಿದ್ದರೆ, ಇದ್ದ ಹಕ್ಕಿಗಳು 1 ಕೋಟಿ. ಬೇಟೆಯ ಸಂಖ್ಯೆಯನ್ನು ಬೇಟೆಯ ಪ್ರಮಾಣದಿಂದ ಭಾಗಿಸಿದರೆ ಸಮುದಾಯದ ಸಂಖ್ಯೆ ದೊರೆಯುವುದು.

ಈ ಲೆಕ್ಕ ನಿಜವಾಗಬೇಕಾದರೆ ಕೆಲವು ನಿಬಂಧನೆಗಳುಂಟು. ಉಂಗುರವುಳ್ಳ ಹಕ್ಕಿಯೂ ಇಲ್ಲದ ಹಕ್ಕಿಯೂ ಸಮಾನವಾಗಿ ಗುಂಡಿಗೆ ಸಿಗುವಂತಿರಬೇಕು. ಉಂಗುರ ಸಿಕ್ಕಿದವರೆಲ್ಲರೂ ಅದನ್ನು ವರದಿ ಮಾಡಬೇಕು. ಎಲ್ಲರೂ ಮಾಡುವುದಿಲ್ಲವಾದುದರಿಂದ ಎಷ್ಟು ಮಂದಿ ಮಾಡುತ್ತಾರೆಂಬುದನ್ನು ಬೇರೆಯಾಗಿ ಕಂಡುಹಿಡಿದು ಲೆಕ್ಕವನ್ನು ತಿದ್ದಬೇಕು. ಒಟ್ಟು ಬೇಟೆಯ ಸಂಖ್ಯೆಯನ್ನು ತಿಳಿಯಲು ಬೇಟೆಗಾರರ ಹೆಸರುಗಳನ್ನು ನೋಂದಾಯಿಸಿ ಕೆಲವರನ್ನು ಪ್ರಶ್ನಿಸಲಾಗುವುದು. 2003ರಿಂದ ಅನೇಕ ರಾಜ್ಯಗಳು ಸೇರಿ ಬೆಳವಗಳಿಗೆ ಉಂಗುರ ತೊಡಿಸುವ ಕಾರ್ಯವನ್ನು ನಡೆಸುತ್ತಿವೆ.

ಇನ್ನೊಂದು ಸಾಕ್ಷ್ಯ ಹಕ್ಕಿಯ ರೆಕ್ಕೆ. ಆಯ್ದ ಬೇಟೆಗಾರರು ತಾವು ಹೊಡೆದ ಹಕ್ಕಿಗಳ ಒಂದೊಂದು ರೆಕ್ಕೆಯನ್ನು ಅಂಚೆಯ ಮೂಲಕ ಕಳುಹಿಸುತ್ತಾರೆ. ಆ ವರ್ಷ ಹುಟ್ಟಿದ ಹಕ್ಕಿಯ ರೆಕ್ಕೆಯ ಹೊದಿಕೆ ಗರಿಗಳ ತುದಿಯಲ್ಲಿ ಮಸುಕಾದ ಬಿಳಿಯ ಅಂಚಿರುವುದು. ಹಳೆಯ ಹಕ್ಕಿಗೆ ಅದಿಲ್ಲ. ಒಂದು ಹಳೆಯ ಹಕ್ಕಿಗೆ ಎಷ್ಟು ಎಳೆಯವು ಎಂದು ಎಣಿಸಿದರೆ, ಆ ಬೇಸಿಗೆಯಲ್ಲಿ ಗೂಡುಗಳು ಎಷ್ಟರ ಮಟ್ಟಿಗೆ ಸಫಲವಾದವೆಂದು ತಿಳಿಯುವುದು.

ಈ ಎಲ್ಲ ಲೆಕ್ಕಗಳಿಂದ ದೊರೆತ ಚಿತ್ರವೇನು? ಈಚಿನ ವರ್ಷಗಳಲ್ಲಿ ಬೇಟೆಗೆ ಮುನ್ನ ದೇಶದಲ್ಲಿರುವ ಶೋಕಬೆಳವಗಳು 20 ಕೋಟಿಯ ಆಸುಪಾಸು. ಬೇಟೆಯಾಗುವವು ವರ್ಷಕ್ಕೆ ಸುಮಾರು 1 ಕೋಟಿ. ಅಂದರೆ ನೂರಕ್ಕೆ ಸುಮಾರು 5. ಸಮುದಾಯಕ್ಕೆ ಇದು ತಾಳಲಾರದ ಹೊರೆಯಲ್ಲ. ಆದರೆ ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ಈ ಶತಮಾನದ ಮೊದಲ ದಶಕದ ಅಂದಾಜುಗಳು ಇದಕ್ಕಿಂತ ಗಣನೀಯವಾಗಿ ಹೆಚ್ಚಾಗಿದ್ದವು. ಅದೇ ಅವಧಿಯಲ್ಲಿ ಬೇಟೆಯೂ ಕಡಿಮೆಯಾಗಿದೆಯಾದುದರಿಂದ ಕಾರಣವನ್ನು ಬೇಟೆಯೊಂದರಲ್ಲಿಯೇ ಹುಡುಕುವುದು ಸರಿಯಲ್ಲ. ಬೇಟೆಯ ಹೊಲದಲ್ಲಿ ಚೆಲ್ಲಿದ ಸೀಸದ ಗುಂಡುಗಳನ್ನು ಹಕ್ಕಿಗಳು ಬೀಜಗಳೆಂದು ನುಂಗಿ ವಿಷವೇರಿ ಸಾಯುವುದೂ ಉಂಟು. ಆ ಸಾವು ಬೇಟೆಯ ಲೆಕ್ಕದಲ್ಲಿ ಬರುವುದಿಲ್ಲ.

ಒಂದು ದಿನಾಂಕ, ಎರಡು ಅರ್ಥ

ಇಷ್ಟು ಕಷ್ಟಪಟ್ಟು ಎಣಿಸುವುದೇಕೆ? 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಮಾರ್ಥಾ ಎಂಬ ಹಕ್ಕಿಯೊಂದು ಸತ್ತಿತು. ಪ್ಯಾಸೆಂಜರ್ ಪಾರಿವಾಳ ಎಂಬ ಜಾತಿಯಲ್ಲಿ ಉಳಿದಿದ್ದ ಕೊನೆಯ ಹಕ್ಕಿ ಅದು. ಒಂದು ಶತಮಾನದ ಹಿಂದೆ ಆ ಜಾತಿಯ ಹಕ್ಕಿಗಳು ನೂರಾರು ಕೋಟಿ ಇದ್ದು, ಹಾರುವಾಗ ಸೂರ್ಯನನ್ನೇ ಮರೆಮಾಡುತ್ತಿದ್ದವು. ಆದರೆ ಅವು ಒಂದು ಸಲಕ್ಕೆ ಇಡುತ್ತಿದ್ದುದು ಒಂದೇ ಮೊಟ್ಟೆ. ಗೂಡು ಕಟ್ಟುತ್ತಿದ್ದುದು ಲಕ್ಷಗಟ್ಟಲೆಯಾಗಿ ಒಂದೇ ಕಾಡಿನಲ್ಲಿ. ತಂತಿಯು ಹಕ್ಕಿಗಳಿರುವ ಸ್ಥಳವನ್ನು ಬೇಟೆಗಾರರಿಗೆ ತಿಳಿಸಿತು. ರೈಲು ಮಾಂಸವನ್ನು ಪಟ್ಟಣಗಳಿಗೆ ಸಾಗಿಸಿತು. ಗೂಡಿನಲ್ಲಿದ್ದಂತೆಯೇ ಅವನ್ನು ಕೊಂದರು, ಕಾಡನ್ನೂ ಕಡಿದರು. ಗುಂಪು ಕೂಡಿದ ಕಡೆಯಲ್ಲೆಲ್ಲ ಕೊನೆಯವರೆಗೂ ಸಮೃದ್ಧಿಯೇ ಕಾಣುತ್ತಿದ್ದಿತು. ಹೊಲದ ಸಾಕ್ಷ್ಯವನ್ನು ಜಾತಿಯ ಸಾಕ್ಷ್ಯವೆಂದು ನಂಬಿದುದರ ಫಲವಿದು.

ಅನಂತರವೇ ಕಾನೂನು ಬಂದಿತು. ಅಮೆರಿಕವೂ ಕೆನಡದ ಪರವಾಗಿ ಬ್ರಿಟನ್ನೂ 1916ರಲ್ಲಿ ವಲಸೆಹಕ್ಕಿಗಳ ಒಪ್ಪಂದ ಮಾಡಿಕೊಂಡವು. 1918ರಲ್ಲಿ ಅದು ಅಮೆರಿಕದಲ್ಲಿ ಶಾಸನವಾಯಿತು. ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆ ಕೂಡದೆಂಬುದು ಅದರ ಒಂದು ನಿಯಮ. ಋತು ಸೆಪ್ಟೆಂಬರ್ 1ರಂದೇ ತೆರೆಯುವುದು ಇದರಿಂದ. ಮಾರ್ಥಾ ಸತ್ತ ದಿನವೇ ಬೆಳವದ ಬೇಟೆ ಆರಂಭವಾಗುವುದು ಕಾಕತಾಳೀಯ. ಆದರೆ ನೆನಪಿಡತಕ್ಕ ಕಾಕತಾಳೀಯ. ಇಂದು ಟೆಕ್ಸಾಸಿನಲ್ಲಿ ಋತು 90 ದಿನ. ಒಬ್ಬನಿಗೆ ದಿನಕ್ಕೆ 15 ಹಕ್ಕಿಗಳ ಮಿತಿ. ಉಂಗುರದ ಲೆಕ್ಕವು ಸಮುದಾಯ ಕುಗ್ಗಿತೆಂದು ಹೇಳಿದರೆ, ಹೊಲದಲ್ಲಿ ಎಷ್ಟೇ ಹಕ್ಕಿಗಳು ಕಂಡರೂ, ಆ ಮಿತಿಯನ್ನು ಇಳಿಸುವ ಏರ್ಪಾಡಿದೆ.

ನಮ್ಮ ಬಾಗಿಲಲ್ಲಿ

ಕರ್ಣಾಟಕದ ಬಯಲುಸೀಮೆಯ ವಿದ್ಯಾರ್ಥಿಗೆ ಈ ಕಥೆಯಲ್ಲಿ ಒಂದು ಪರಿಚಿತ ಮುಖವೂ ಉಂಟು. ನಮ್ಮ ಜಾಲಿಮರಗಳ ಮೇಲೆ ಕುಳಿತು ಕೂಗುವ, ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿಯುಳ್ಳ ಬೂದುಬೆಳವವು 1970ರ ದಶಕದಲ್ಲಿ ಬಹಾಮ ದ್ವೀಪಗಳಲ್ಲಿ ಪಂಜರದಿಂದ ತಪ್ಪಿಸಿಕೊಂಡು, ಅಲ್ಲಿಂದ ಫ್ಲಾರಿಡಕ್ಕೆ ಹಾರಿ, ಇಂದು ಟೆಕ್ಸಾಸಿನ ಹೊಲಗಳಲ್ಲಿಯೂ ನೆಲಸಿದೆ. ಹೊರಗಿನಿಂದ ಬಂದುದಾದ್ದರಿಂದ ಅಲ್ಲಿ ಅದರ ಬೇಟೆಗೆ ಮಿತಿಯಿಲ್ಲ. ಭಾರತದಲ್ಲಿಯಾದರೋ 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಬೆಳವಗಳ ಬೇಟೆ ನಿಷಿದ್ಧ.

ಆದರೆ ಎಣಿಸಲು ನಿಷೇಧವಿಲ್ಲ. ನಿಮ್ಮ ಊರಿನ ಹೊರಗಿನ ಒಂದು ದಾರಿಯನ್ನು ಆರಿಸಿಕೊಳ್ಳಿರಿ. ಅರ್ಧ ಮೈಲಿಗೊಂದರಂತೆ ಹತ್ತು ನಿಲುಗಡೆಗಳನ್ನು ಗುರುತಿಸಿರಿ. ಸೂರ್ಯೋದಯಕ್ಕೆ ಮುನ್ನ ಹೊರಟು, ಪ್ರತಿಯೊಂದರಲ್ಲಿಯೂ ಮೂರು ನಿಮಿಷ ನಿಂತು, ಕೂಗುವ ಬೆಳವಗಳನ್ನು ಜಾತಿವಾರಾಗಿ ಬರೆದುಕೊಳ್ಳಿರಿ. ಮುಂದಿನ ವರ್ಷ ಅದೇ ವಾರ, ಅದೇ ದಾರಿಯಲ್ಲಿ ಮತ್ತೆ ಹೋಗಿರಿ. ಒಂದು ವರ್ಷದ ಅಂಕಿ ಹೆಚ್ಚೇನೂ ಹೇಳಲಾರದು. ಹತ್ತು ವರ್ಷದ ಅಂಕಿಗಳು ಊರಿನಲ್ಲಿ ಯಾರಿಗೂ ತಿಳಿಯದುದನ್ನು ಹೇಳಬಲ್ಲವು.