ಹೂವಿನ ಬಣ್ಣ ಬರೆದಿಟ್ಟುಕೊಳ್ಳಿ

ದೀಪಾವಳಿ ಕಳೆಯುತ್ತಿದ್ದಂತೆ ಫೋನು ಶುರುವಾಗುತ್ತದೆ. ‘ಸರ್, ಬಿ.ಎಸ್ಸಿ. ಎರಡನೇ ವರ್ಷ. ರಿಸರ್ಚ್ ಮಾಡ್ಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡ್ಲಿ?’ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು ನಾನು. ಒಬ್ಬೊಬ್ಬರಿಗೇ ಹೇಳುವ ಬದಲು ಈ ಸಲ ಬರೆದೇ ಕೊಡುತ್ತಿದ್ದೇನೆ.

• ಪ್ರಶ್ನೆ ಸಣ್ಣದಿರಲಿ. ‘ಹವಾಮಾನ ಬದಲಾವಣೆ’ ಎಂಬುದು ವಿಷಯ, ಪ್ರಶ್ನೆಯಲ್ಲ. ‘ನಮ್ಮೂರ ಕೆರೆ ಏರಿಯ ಹೊಂಗೆ ಮರಗಳು ಎಲ್ಲವೂ ಒಂದೇ ವಾರ ಚಿಗುರುತ್ತವೆಯೇ?’ ಎಂಬುದು ಪ್ರಶ್ನೆ. ಒಂದು ಸಾಲಿನಲ್ಲಿ ಬರೆಯಲಾಗದಿದ್ದರೆ ಅದಿನ್ನೂ ಹಣ್ಣಾಗಿಲ್ಲ ಎಂದುಕೊಳ್ಳಿ.

• ಕಲಾ ವಿಭಾಗದವರೂ ಹಿಂಜರಿಯಬೇಡಿ. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಶಾಸನ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಪುಟಗಳನ್ನು ತೆಗೆಯಿರಿ. ಅಲ್ಲಿ ಹೇಳಿರುವ ಕಲ್ಲು ಇವತ್ತೂ ಇದೆಯೇ, ಬಟ್ಟೆ ಒಗೆಯುವ ಬಂಡೆಯಾಗಿದೆಯೇ, ಹೋಗಿ ನೋಡಿ ಬನ್ನಿ. ಹತ್ತು ಕಲ್ಲು ನೋಡಿ ಬಂದರೆ ಒಂದು ಒಳ್ಳೆಯ ಪ್ರಬಂಧಕ್ಕೆ ಬೇಕಾದ ಸಾಮಗ್ರಿ ಕೈಯಲ್ಲಿರುತ್ತದೆ.

• ಪತ್ರ ಬರೆಯುವ ಮುಂಚೆ ಓದಿ. ನಲವತ್ತು ಪ್ರಾಧ್ಯಾಪಕರಿಗೆ ಒಂದೇ ಇ-ಮೇಲ್ ಕಳಿಸಿದರೆ ಅದು ಕರಪತ್ರ. ಒಬ್ಬರನ್ನು ಆರಿಸಿ, ಅವರ ಎರಡು ಲೇಖನ ಓದಿ, ಐದು ಸಾಲು ಬರೆಯಿರಿ: ನೀವು ಯಾರು, ಯಾವ ಲೇಖನ ಓದಿದಿರಿ, ಎಲ್ಲಿ ಅರ್ಥವಾಗಲಿಲ್ಲ, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಆಮೇಲೆ ಮುಂದಿನವರ ಬಾಗಿಲು.

• ತೆರೆದಿರುವ ಬಾಗಿಲುಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಬೇಸಿಗೆಯದೆಂದು ಬೇಸಿಗೆಯವರೆಗೆ ಕಾಯಬೇಡಿ. ಅರ್ಜಿಯ ಗಡುವು ತಿಂಗಳುಗಳ ಮೊದಲೇ ಮುಗಿದಿರುತ್ತದೆ. ಶಿಫಾರಸು ಪತ್ರವನ್ನು ಕೊನೆಯ ದಿನದ ಹಿಂದಿನ ರಾತ್ರಿ ಕೇಳಿ ಮೇಷ್ಟ್ರ ನಿದ್ದೆ ಕೆಡಿಸಬೇಡಿ.

• ಪುಕ್ಕಟೆ ಸಿಗುವುದನ್ನು ಮೊದಲು ಓದಿ. 1996ರಿಂದ ಬರುತ್ತಿರುವ ‘ರೆಸೊನೆನ್ಸ್’ ಪತ್ರಿಕೆ ಕಾಲೇಜು ವಿದ್ಯಾರ್ಥಿಗಳಿಗೆಂದೇ ಇದೆ. ‘ಶೋಧಗಂಗಾ’ ಜಾಲತಾಣದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ. ನಿಮ್ಮ ವಿಷಯದ್ದೊಂದನ್ನು ತೆರೆದು ಹಿಂದಿನವರ ಕೆಲಸವನ್ನು ಪರಿಚಯಿಸುವ ಅಧ್ಯಾಯ ಓದಿ. ಯಾರ್ಯಾರು ಎಲ್ಲೆಲ್ಲಿ ಅಗೆದಿದ್ದಾರೆಂದು ಗೊತ್ತಾಗುತ್ತದೆ.

• ಗಾಜಿನ ಸಾಮಾನು ತೊಳೆಯುವುದೂ ಸಂಶೋಧನೆಯೇ. ಮೊದಲ ತಿಂಗಳು ಬೀಕರ್ ತೊಳೆಸುತ್ತಾರೆ, ಅಂಕಿಗಳನ್ನು ಎಕ್ಸೆಲ್‌ಗೆ ತುಂಬಿಸುತ್ತಾರೆ. ಮುಖ ಊದಿಸಿಕೊಳ್ಳಬೇಡಿ. ತಪ್ಪು ನುಸುಳುವುದು ಅಲ್ಲಿಂದಲೇ. ಆದರೆ ಆರು ತಿಂಗಳಾದರೂ ಬರೀ ಬೀಕರ್ ಆದರೆ, ಕೂತು ಮಾತಾಡಿ. ನಾಳೆ ಲೇಖನ ಬಂದರೆ ನಿಮ್ಮ ಹೆಸರಿರುತ್ತದೆಯೇ ಎಂದು ಮೊದಲೇ ಕೇಳುವುದೂ ದುರಾಸೆಯಲ್ಲ.

• ಅಂಕಿಯ ಕಿವಿ ಹಿಂಡಬೇಡಿ. ಫಲಿತಾಂಶ ಎಣಿಸಿದಂತೆ ಬರದಿದ್ದರೆ ಬಂದಂತೆಯೇ ಬರೆಯಿರಿ. ಒಂದು ಅಂಕಿ ತಿದ್ದಿದವನು ಅದನ್ನು ಕಾಯಲು ಇನ್ನೂ ನಾಲ್ಕು ತಿದ್ದಬೇಕಾಗುತ್ತದೆ.

• ಕದ್ದದ್ದು ಕದ್ದದ್ದೇ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲೇ ನಿಯಮ ತಂದಿದೆ. ಶೇ 10ರವರೆಗಿನ ಹೋಲಿಕೆಗೆ ಅದರಲ್ಲಿ ದಂಡನೆಯಿಲ್ಲ. ಹಾಗೆಂದು ಅದು ಕದಿಯಲು ಸಿಕ್ಕ ಪರವಾನಗಿಯಲ್ಲ. ಇನ್ನು ಎಐ ಕೊಡುವ ಆಧಾರಗ್ರಂಥಗಳ ಪಟ್ಟಿಯಲ್ಲಿ ಹುಟ್ಟದೇ ಇರುವ ಪುಸ್ತಕಗಳೂ ಸೇರಿರುತ್ತವೆ. ಕಣ್ಣಾರೆ ನೋಡದ್ದನ್ನು ಪಟ್ಟಿಗೆ ಸೇರಿಸಬೇಡಿ.

• ‘ಮೂರು ದಿನದಲ್ಲಿ ಪ್ರಕಟಣೆ’ ಎಂಬ ಮೆಸೇಜು ಬಂದರೆ ಅಳಿಸಿ. ಒಳ್ಳೆಯ ಪತ್ರಿಕೆಗಳಲ್ಲೂ ಕೆಲವು ಶುಲ್ಕ ಕೇಳುತ್ತವೆ, ನಿಜ. ಆದರೆ ಯಾರೂ ಓದಿ ನೋಡುವ ಮುಂಚೆಯೇ ಒಪ್ಪಿಕೊಳ್ಳುವ ಪತ್ರಿಕೆಯಲ್ಲಿ ಬಂದದ್ದು ಮುಂದೆ ನಿಮಗೇ ನಾಚಿಕೆ ತರುತ್ತದೆ.

• ಕಂಡದ್ದನ್ನು ಕಂಡ ಜಾಗದಲ್ಲೇ ಬರೆಯಿರಿ. ಕೊನೆಗೆ ಹೇಳುತ್ತಿದ್ದರೂ ಇದೇ ಮುಖ್ಯ. ಎಂ.ಎಸ್ಸಿ. ಓದುವಾಗ ಮಲೆನಾಡಿನ ಮಳೆಯಲ್ಲಿ, ಕಾಲಿಗೆ ಇಂಬಳ ಹತ್ತಿಸಿಕೊಂಡು, ತೊರೆಯೊಂದರ ಬಳಿಯಿಂದ ಒಂದು ಕಾಡು ಕರ್ಣಕುಂಡಲ ಕಿತ್ತು ತಂದಿದ್ದೆ. ಹಳೇ ಪೇಪರಿನ ನಡುವೆ ಒತ್ತಿ, ದಿನಾ ಪೇಪರು ಬದಲಿಸಿ, ಒಣಗಿಸಿ ಹಾಳೆಗೆ ಅಂಟಿಸಿದೆ. ಊರು, ತಾರೀಖು, ಗಿಡದ ಎತ್ತರ ಎಲ್ಲ ಚೀಟಿಯಲ್ಲಿತ್ತು. ನಮ್ಮ ಮೇಷ್ಟ್ರು ಕನ್ನಡಕ ಏರಿಸಿ ಕೇಳಿದರು: ‘ಹೂವು ಯಾವ ಬಣ್ಣ ಮಾರಾಯ?’ ಒಣಗಿದ ಹೂವು ಈರುಳ್ಳಿ ಸಿಪ್ಪೆಯಂತಾಗಿತ್ತು. ‘ಗುಲಾಬಿ ಸರ್... ಇಲ್ಲ, ನೇರಳೆ’ ಅಂದೆ. ಅವರು ಏನೂ ಹೇಳದೆ ಹಾಳೆಯನ್ನು ಪಕ್ಕಕ್ಕಿಟ್ಟರು.

ಸಸ್ಯವಿಜ್ಞಾನಿಗಳಾದ ಸಲ್ಡಾನಾ ಮತ್ತು ನಿಕಲ್ಸನ್ 1976ರಲ್ಲಿ ತಂದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ನಂಥ ದಪ್ಪ ಗ್ರಂಥಗಳು ನಿಂತಿರುವುದು ಇಂಥ ಹಾಳೆ, ಚೀಟಿಗಳ ಮೇಲೆಯೇ. ಒಣಗಿದ ಮೇಲೆ ಗಿಡ ಹೇಳಲಾರದ್ದನ್ನು ಚೀಟಿ ಹೇಳಬೇಕು.

ಮುಂದಿನ ಮಳೆಗಾಲದವರೆಗೂ ಕಾದು ಮತ್ತೆ ಅದೇ ತೊರೆಯ ಬಳಿ ಹೋದೆ. ಹೂವು ಬಿಳಿ, ಗಂಟಲಲ್ಲಿ ಮಾತ್ರ ಒಂದಿಷ್ಟು ನೇರಳೆ. ಕೊಡೆಯ ಕೆಳಗೆ ನಿಂತು, ಪೆನ್ನಿನ ಮಸಿ ಹರಡುತ್ತದೆಂದು ಪೆನ್ಸಿಲಿನಲ್ಲೇ ಬರೆದುಕೊಂಡೆ.